ಕುದುರೆ ಕಾಲೇಜು

ಅಣ್ಣನ ಮಗಳು ಅಮೆರಿಕದಲ್ಲಿ ಏನು ಓದುತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ ನಾನು ‘ಪಶುವಿಜ್ಞಾನ’ ಎಂದು ಹೇಳಿ ಮಾತು ಬದಲಿಸುತ್ತೇನೆ. ನಮ್ಮಪ್ಪ ಹಾಗಲ್ಲ. ಭರಮಸಾಗರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೇಳದವರಿಗೂ ಹೇಳುತ್ತಾರೆ: ‘ಮೊಮ್ಮಗಳು ಕುದುರೆ ಕಾಲೇಜಿಗೆ ಸೇರೈತೆ.’ ಕೇಳಿದವರು ತಬ್ಬಿಬ್ಬಾಗುತ್ತಾರೆ. ಓದೋದು ಹುಡುಗಿಯೋ ಕುದುರೆಯೋ ಎಂಬ ಅನುಮಾನ ಅವರಿಗೆ.

ವಿಷಯ ಇಷ್ಟೇ. ಕೊಲೊರಾಡೊ ಕಡೆಯ ಅವಳ ಕಾಲೇಜಿನಲ್ಲಿ ಕುದುರೆ ಸವಾರಿಯೂ ಒಂದು ಪಾಠ. ಮೊದಲು ಪಳಗಿದ ಮುದಿ ಕುದುರೆಗಳ ಮೇಲೆ ಕೂತು ಬೀಳುವುದನ್ನು ಕಲಿಯಬೇಕು. ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಎಳೇ ಕುದುರೆ ಕೊಡುತ್ತಾರೆ. ಎರಡು ವರ್ಷದ್ದು. ಅದರ ಬೆನ್ನ ಮೇಲೆ ಅಲ್ಲಿಯವರೆಗೆ ನೊಣ ಬಿಟ್ಟರೆ ಬೇರೆ ಯಾರೂ ಕೂತಿರುವುದಿಲ್ಲ. ಪಳಗಿಸು ಅನ್ನುತ್ತಾರೆ. ವರ್ಷದ ಕೊನೆಗೆ ಅದನ್ನು ಹರಾಜಿಗೆ ಇಡುತ್ತಾರೆ. ನಾನು ದಾವಣಗೆರೆಯಲ್ಲಿ 22 ವರ್ಷದಿಂದ ಪಾಠ ಮಾಡುತ್ತಿರುವ ಮೇಷ್ಟ್ರು. ನನ್ನ ಹುಡುಗರನ್ನೂ ಮಾರ್ಚ್‌ನಲ್ಲಿ ಹೀಗೆ ಹರಾಜಿಗಿಟ್ಟರೆ ಕೂಗುವವರು ಯಾರು ಎಂದು ಯೋಚಿಸಿದೆ. ಯೋಚನೆ ಜಾಸ್ತಿ ದೂರ ಹೋಗುವ ಮೊದಲೇ ನಿಲ್ಲಿಸಿದೆ.

ಭಾನುವಾರ ರಾತ್ರಿ ಊಟ ಆದ ಮೇಲೆ ಅವಳ ವಿಡಿಯೋ ಕಾಲ್. ಅವಳಿಗೆ ಆಗ ಬೆಳಗ್ಗೆ. ಅಪ್ಪ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದುಕೊಳ್ಳುತ್ತಾರೆ. ಆ ಕಡೆಯಿಂದ ಕುದುರೆಯೂ ಫೋನಿಗೆ ಮೂಗು ತಾಗಿಸುತ್ತದೆ. ಕೆಂಚು ಬಣ್ಣ, ಹಣೆಯಲ್ಲಿ ಬಿಳಿ ಚುಕ್ಕಿ.

‘ಹಣೆ ಸುಳಿ ತೋರ್ಸವ್ವ ಮೊದ್ಲು’ ಎಂದರು ಅಪ್ಪ. ದನ ಕೊಳ್ಳುವಾಗ ಸುಳಿ ನೋಡದೆ ಒಂದು ಪೈಸೆ ಬಿಚ್ಚಿದವರಲ್ಲ. ಕುದುರೆಯ ಹಣೆಗೂ ಸುಳಿ ಇತ್ತು. ಎರಡು ನಿಮಿಷ ನೋಡಿ, ‘ಪರವಾಗಿಲ್ಲ’ ಎಂದರು.

‘ಇದು ಕ್ವಾರ್ಟರ್ ಹಾರ್ಸ್ ಅಜ್ಜ. ಕಾಲು ಮೈಲಿ ಓಟದಲ್ಲಿ ಇದನ್ನ ಮೀರಿಸೋರಿಲ್ಲ. ಅದಕ್ಕೇ ಆ ಹೆಸರು.’

‘ಕಾಲು ಮೈಲಿ ಆದ್ಮೇಲೆ?’

ಅವಳು ಎತ್ತರದ ವಿಷಯಕ್ಕೆ ಹೋದಳು. 14 ಹ್ಯಾಂಡ್ ಅಂತೆ. ಹ್ಯಾಂಡ್ ಅಂದರೆ 4 ಇಂಚು. ನಮ್ಮ ಗೇಣಿನ ಅರ್ಧವೂ ಆಗಲಿಲ್ಲ. ಅಷ್ಟು ದೊಡ್ಡ ಪ್ರಾಣಿಯನ್ನು ಅಷ್ಟು ಸಣ್ಣ ಕೈಯಲ್ಲಿ ಅಳೆಯುತ್ತಾರೆ.

ಪಳಗಿಸುವುದೆಂದರೆ ಹಾರಿ ಕೂತು ಚಾಟಿ ಬೀಸುವುದು ಎಂದುಕೊಂಡಿದ್ದೆ. ಎಷ್ಟೋ ದಿನ ಅವಳು ಮೇಲೆ ಕೂರಲೇ ಇಲ್ಲ. ದುಂಡನೆಯ ಬೇಲಿಯೊಳಗೆ ಸುಮ್ನೆ ಅದರ ಜೊತೆ ನಡೆಯುವುದು, ನಿಲ್ಲುವುದು. ಮೈಮೇಲೆ ಕಂಬಳಿ ಹಾಕುವುದು, ತೆಗೆಯುವುದು. ಕೋಲಿನ ತುದಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಮೆಲ್ಲಗೆ ಅಲ್ಲಾಡಿಸುವುದು. ಕುದುರೆಯ ಹೆದರಿಕೆಗೆ ಕಾರಣ ಇದೆ. ಅದು ಬೇರೆ ಪ್ರಾಣಿಗಳ ಬಾಯಿಗೆ ಸಿಗದಂತೆ ಓಡಿ ಬದುಕಿದ ಜಾತಿ. ಕಣ್ಣು ಎರಡೂ ಪಕ್ಕದಲ್ಲಿವೆ. ಸುತ್ತ ಸುಮಾರು 350 ಡಿಗ್ರಿ ಕಾಣುತ್ತದೆ. ಕಾಣದೇ ಇರುವುದು ನೇರ ಬಾಲದ ಹಿಂದೆ, ಮತ್ತೆ ಮೂಗಿನ ಮುಂದೆ. ಎಡಗಣ್ಣಿಗೆ ತೋರಿಸಿ ಒಪ್ಪಿಸಿದ ಚೀಲವನ್ನು ಬಲಗಣ್ಣಿಗೂ ಹೊಸದಾಗಿ ತೋರಿಸಬೇಕಂತೆ.

‘ನಮ್ಮ ಎತ್ತಿನಂಗೇ’ ಎಂದರು ಅಪ್ಪ. ‘ಎಡಗೋಲಿನ ಎತ್ತನ್ನ ಬಲಕ್ಕೆ ಕಟ್ಟಿ ನೋಡು. ನೇಗಿಲು ಬಿಟ್ಟು ಮನೆಗೆ ಬರ್ತೈತೆ.’

ಅಲ್ಲಿಂದ ಫೋನ್ ನನ್ನ ಕೈಗೆ ಬರಲೇ ಇಲ್ಲ. ಅಪ್ಪ ಒಂದು ಕಾಲದಲ್ಲಿ ಅಮೃತ ಮಹಲ್ ಹೋರಿಗಳನ್ನು ಪಳಗಿಸಿದವರು. ಮೂಗು ಚುಚ್ಚಿ ಮೂಗುದಾರ ಹಾಕಿ, ಅನುಭವಸ್ಥ ಎತ್ತಿನ ಜೊತೆ ನೊಗಕ್ಕೆ ಕಟ್ಟಿ, ಮೊದಲು ಮರದ ಕೊರಡು ಎಳೆಸುವುದು. ಪಾಠ ಹೇಳುವುದು ಹಳೇ ಎತ್ತು. ಮನುಷ್ಯ ಹಿಂದೆ ನಡೆಯಬೇಕು ಅಷ್ಟೆ. ಅವಳು ಕುದುರೆಯ ತುಟಿ ಎತ್ತಿ ಹಲ್ಲು ತೋರಿಸಿದಳು. ಮುಂದೆ ಹಲ್ಲು, ಹಿಂದೆ ದವಡೆ ಹಲ್ಲು, ನಡುವೆ ಬರೀ ವಸಡು. ಕಡಿವಾಣ ಕೂರುವುದು ಆ ಸಂದಿನಲ್ಲಿ. ಅಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ‘ಶಿವ ಲಗಾಮಿಗೆ ಅಂತಲೇ ಜಾಗ ಬಿಟ್ಟಾನೆ ನೋಡು. ನಮ್ಮ ಎತ್ತಿಗೆ ಮಾತ್ರ ಮೂಗು ತೂತು ಮಾಡಂಗೆ ಮಾಡ್ದ.’

ಆಮೇಲೆ ಅವಳು ಹೇಳಿದ ಮಾತು ನನ್ನ ತಲೆಯಲ್ಲಿ ಉಳಿಯಿತು. ‘ಎಳೆದಾಗ ಕುದುರೆ ಕಲಿಯಲ್ಲ ಅಜ್ಜ. ಬಿಟ್ಟಾಗ ಕಲಿಯುತ್ತೆ.’ ಹಗ್ಗವನ್ನು ಸ್ವಲ್ಪವೇ ಬಿಗಿ ಮಾಡಿ ಕಾಯಬೇಕು. ಕುದುರೆ ಯೋಚಿಸುತ್ತದೆ. ಒಂದು ಕಾಲು ಅರ್ಧ ಹೆಜ್ಜೆ ಅಲ್ಲಾಡಿತು ಅನ್ನುವಾಗಲೇ ಹಗ್ಗ ಸಡಿಲ ಬಿಡಬೇಕು. ಓಹೋ, ಇವಳು ಕೇಳಿದ್ದು ಇದನ್ನೇ ಎಂದು ಅದಕ್ಕೆ ತಿಳಿಯುವುದು ಆ ಸಡಿಲದಲ್ಲಿ. ಒಂದು ಗಳಿಗೆ ತಡವಾದರೆ ಅದು ಬೇರೆ ಏನನ್ನೋ ಕಲಿತಿರುತ್ತದೆ.

‘ಎಳೆಯೋದು ಯಾರಿಗೆ ಬರಲ್ಲ’ ಎಂದರು ಅಪ್ಪ, ನನ್ನ ಕಡೆ ನೋಡಿ. ಯಾಕೆ ನೋಡಿದರೋ.

ಇಷ್ಟೆಲ್ಲ ಕೇಳಿದ ಮೇಲೆ ನನಗೂ ಕುದುರೆ ಗೊತ್ತು ಅನ್ನಿಸತೊಡಗಿತು. ಗೆಳೆಯನ ಮಗನ ಮದುವೆಗೆ ದಾವಣಗೆರೆಯಲ್ಲಿ ಕುದುರೆ ಮೇಲೆ ಮೆರವಣಿಗೆ. ಮದುಮಗ ಛತ್ರದ ಮುಂದೆ ಇಳಿದ. ಕುದುರೆ ಕಂಡರೆ ಕಾಲು ನೋವು ಎಂಬ ಗಾದೆ ನನ್ನಂಥವನಿಗೇ ಮಾಡಿದ್ದು. ‘ಒಂದು ರೌಂಡ್’ ಎಂದೆ ಕುದುರೆಯ ಹುಡುಗನಿಗೆ. ಬಲಗಡೆಯಿಂದ ಹತ್ತಲು ಹೋದೆ. ಕುದುರೆ ಪಕ್ಕಕ್ಕೆ ಸರಿಯಿತು. ಎಡಗಡೆಯಿಂದ ಹತ್ತಬೇಕು. ಹಿಂದೆ ಸವಾರರ ಎಡಸೊಂಟದಲ್ಲಿ ಕತ್ತಿ ಇರುತ್ತಿತ್ತು, ಬಲಗಡೆಯಿಂದ ಹತ್ತಿದರೆ ಅಡ್ಡ ಬರುತ್ತಿತ್ತು ಅನ್ನುತ್ತಾರೆ. ನನ್ನ ಸೊಂಟದಲ್ಲಿದ್ದದ್ದು ಬೈಕಿನ ಕೀ.

ಕೂತೆ. ಅಷ್ಟರಲ್ಲಿ ಬ್ಯಾಂಡಿನವರು ಶುರು ಮಾಡಿದರು. ಕುದುರೆ ಒಂದು ಹೆಜ್ಜೆ ಮುಂದಿಟ್ಟಿತು. ಗಾಬರಿಯಲ್ಲಿ ಲಗಾಮು ಜಗ್ಗಿ ಹಿಡಿದೆ. ಅದು ಹಿಂದಕ್ಕೆ ನಡೆಯತೊಡಗಿತು. ‘ಬಿಡಿ ಸಾರ್, ಬಿಡಿ!’ ಎಂದು ಹುಡುಗ ಕೂಗಿದ. ನಮ್ಮಲ್ಲಿ ಬಸ್ ಬಿಡುತ್ತೇವೆ, ಗಾಡಿ ಬಿಡುತ್ತೇವೆ. ಓಡಿಸಿ ಅನ್ನುತ್ತಿದ್ದಾನೆ ಎಂದು ಎರಡೂ ಕಾಲಿನಿಂದ ಒದ್ದೆ, ಲಗಾಮನ್ನು ಇನ್ನೂ ಬಿಗಿ ಹಿಡಿದೆ. ಕುದುರೆ ಇನ್ನೂ ಜೋರಾಗಿ ಹಿಂದಕ್ಕೆ ಹೋಗಿ ಮಂಡಕ್ಕಿ ಗಾಡಿಗೆ ತಾಗಿತು. ಚೀಲ ಬಿತ್ತು. ಅದು ತಿರುಗಿ ನಿಂತು, ಬ್ಯಾಂಡು ಬಾಜಾ ಎಲ್ಲ ಮರೆತು, ಮಂಡಕ್ಕಿ ತಿನ್ನತೊಡಗಿತು. ಖಾರ ಹಚ್ಚಿರಲಿಲ್ಲ, ಪುಣ್ಯ. ನಾನು ಇಳಿದು ಚೀಲದ ದುಡ್ಡು ಕೊಟ್ಟೆ.

‘ಲಗಾಮಿನಲ್ಲಿ ಹಿಂದೆ ಹೋಗು ಅಂದ್ರಿ, ಕಾಲಿನಲ್ಲಿ ಮುಂದೆ ಹೋಗು ಅಂದ್ರಿ. ಪಾಪ ಅದೇನು ಮಾಡ್ಬೇಕು ಚಿಕ್ಕಪ್ಪ?’ ಎಂದಳು ಅವಳು ಆ ಭಾನುವಾರ. ಅವಳೂ ಮೊದಲು ಇದೇ ಮಾಡಿದ್ದಳಂತೆ. ಟ್ರಾಟ್ ಎಂಬ ಎರಡು ತಾಳದ ಓಟದಲ್ಲಿ ಹೊಟ್ಟೆಯೊಳಗಿನದೆಲ್ಲ ಜಾಗ ಬದಲಿಸುವಾಗ ಕೈ ತಾನಾಗಿ ಬಿಗಿಯುತ್ತದೆ. ಒಂದು ತಾಳಕ್ಕೆ ಎದ್ದು ಇನ್ನೊಂದಕ್ಕೆ ಕೂರುವುದು ರೂಢಿಯಾಗಲು ತಿಂಗಳು ಬೇಕಾಯಿತಂತೆ. ಅದಕ್ಕಿಂತ ಜೋರು ಓಟವೇ ಸುಲಭವಂತೆ. ಪೂರ್ತಿ ಬಿಟ್ಟ ಓಟದಲ್ಲಿ ನಾಲ್ಕು ಕಾಲೂ ಬೇರೆ ಬೇರೆ ನೆಲ ಮುಟ್ಟಿ ನಾಲ್ಕು ತಾಳ ಕೇಳುತ್ತದೆ. ನಮ್ಮವರು ಅದಕ್ಕೆ ನಾಗಾಲೋಟ ಎಂದು ಹೆಸರಿಟ್ಟಿದ್ದು ಸುಮ್ನೆ ಅಲ್ಲ.

ಹರಾಜು ಆಯಿತು. ಕೆಂಚನನ್ನು ಯಾರೋ ದೂರದವರು ಕೊಂಡರು. ಫೋನಿನಲ್ಲಿ ಅವಳ ಮೂಗು ಕೆಂಪಗಿತ್ತು. ಹಿಂದೆ ಖಾಲಿ ಬೇಲಿ. ನಾನು ಸಮಾಧಾನ ಹೇಳಲು ಬಾಯಿ ತೆರೆದೆ. ಅಪ್ಪ ನನ್ನನ್ನು ಪಕ್ಕಕ್ಕೆ ಸರಿಸಿದರು.

‘ಹಗ್ಗ ಕೊಟ್ಟುಬಿಟ್ಟೆಯೇನವ್ವ?’

ನಮ್ಮಲ್ಲಿ ದನ ಮಾರಿದರೆ ಹಗ್ಗ ಕೊಡುವುದಿಲ್ಲ. ಕೊಂಡವನು ತನ್ನ ಹಗ್ಗ ತಂದು ಹೊಡೆದುಕೊಂಡು ಹೋಗಬೇಕು. ಮಾರಿದವನು ಹಳೇ ಹಗ್ಗ ಹೆಗಲಿಗೆ ಹಾಕಿಕೊಂಡು ಸಂತೆಯಿಂದ ಬರುತ್ತಾನೆ. ನಮ್ಮನೆ ಹಟ್ಟಿಯ ಗೂಟಕ್ಕೆ ಅಂಥವು ಈಗಲೂ ಮೂರೋ ನಾಲ್ಕೋ ನೇತಾಡುತ್ತಿವೆ.

‘ಇಲ್ಲ ಅಜ್ಜ. ಹಗ್ಗ ನಂದಲ್ಲ, ಕಾಲೇಜಿಂದು. ಅವ್ರೇ ಬಿಚ್ಚಿ ಇಟ್ಕೊಂಡ್ರು.’

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಹಂಗಾದ್ರೆ ಒಳ್ಳೇ ಕಾಲೇಜೇ ಬಿಡು’ ಎಂದು ಫೋನನ್ನು ನನ್ನ ಕೈಗೆ ಕೊಟ್ಟು ಮಲಗಲು ಹೋದರು.