ಥಾರ್ ಮೇಲೆ ಶೇ 18 ಜಿಎಸ್‌ಟಿ: ಎಲ್ಲ ಮಾದರಿಗಳಿಗೂ ಅಲ್ಲ

ನಾಲ್ಕು ಮೀಟರಿಗಿಂತ ಚಿಕ್ಕದಾದ್ದರಿಂದ ಮೂರು ಬಾಗಿಲಿನ ಮಹೀಂದ್ರ ಥಾರ್‌ನ ಎಲ್ಲ ಮಾದರಿಗಳಿಗೂ ಶೇ 18 ಜಿಎಸ್‌ಟಿ, ಹತ್ತು ಲಕ್ಷದೊಳಗೇ ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ) ಸಿಗುತ್ತದೆ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

2025ರ ಸೆಪ್ಟೆಂಬರ್ 22ರಿಂದ ಜಾರಿಯಾದ, ಸಣ್ಣ ಕಾರುಗಳಿಗೆ ಶೇ 18 ಎಂಬ ನಿಯಮಕ್ಕೆ ಉದ್ದವೊಂದೇ ಅಳತೆಯಲ್ಲ. ಎಂಜಿನ್ ಕೂಡ ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರಬಾರದು. ಥಾರ್‌ನಲ್ಲಿ ಈ ಮಿತಿಯೊಳಗೆ ಬರುವುದು 1.5 ಲೀಟರ್ ಡೀಸೆಲ್ ಮಾತ್ರ. ಅದರಲ್ಲಿ ಹಿಂದಿನ ಚಕ್ರಗಳಿಗಷ್ಟೇ ಬಲ ಹೋಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಜಾಹೀರಾತಿನಲ್ಲಿದ್ದ 9.99 ಲಕ್ಷ ರೂಪಾಯಿ ಆರಂಭಿಕ ಬೆಲೆ ಇದರದ್ದೇ, ಅದೂ ಎಕ್ಸ್ ಶೋರೂಂ (ನೋಂದಣಿ, ವಿಮೆ ಸೇರದ ಬೆಲೆ). ನಾಲ್ಕೂ ಚಕ್ರಗಳಿಗೆ ಬಲ ಕೊಡುವ 2.0 ಲೀಟರ್ ಪೆಟ್ರೋಲ್, 2.2 ಲೀಟರ್ ಡೀಸೆಲ್ ಮಾದರಿಗಳಿಗೆ ಶೇ 40 ತೆರಿಗೆ. ಮೊದಲು ಜಿಎಸ್‌ಟಿ ಜತೆಗಿದ್ದ ಸೆಸ್ ಎಂಬ ಹೆಚ್ಚುವರಿ ತೆರಿಗೆ ರದ್ದಾದ್ದರಿಂದ ಅವೂ ತುಸು ಅಗ್ಗವಾದವು, ಅಷ್ಟೆ. ಐದು ಬಾಗಿಲಿನ ಥಾರ್ ರಾಕ್ಸ್ ಉದ್ದದಲ್ಲೇ ಮಿತಿ ದಾಟುತ್ತದೆ.

ಅಕ್ಟೋಬರ್ 2025ರ ಥಾರ್ ‘ಹೊಸ ತಲೆಮಾರು’ ಎಂಬುದೂ ಸರಿಯಲ್ಲ. ದೊಡ್ಡ ಪರದೆ, ಹಿಂಬದಿಗೆ ಎಸಿ ಕಿಂಡಿ, ಬಾಗಿಲಿಗೆ ಬಂದ ಕಿಟಕಿ ಗುಂಡಿಗಳು ಉಪಯುಕ್ತವೇ; ಆದರೆ ಗಾಡಿ 2020ರಲ್ಲಿ ಬಂದದ್ದೇ. ಮಲೆನಾಡಿನ ಕೆಸರು ದಾರಿಗೆಂದು ಕೊಳ್ಳುವವರು ಮುಂಗಡ ಕಟ್ಟುವ ಮುನ್ನ ಎಂಜಿನ್ ಮತ್ತು ಡ್ರೈವ್ ಯಾವುದೆಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.