ಒಸಿಐ ಕಾರ್ಡ್ ಇದ್ದರೆ ಭಾರತಕ್ಕೆ ಆಡಬಹುದಾ? ಇಲ್ಲ

ಮೈಸೂರಿನ ನಮ್ಮ ಫುಟ್‌ಬಾಲ್ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: 'ಅಪ್ಪ ಅಥವಾ ಅಮ್ಮ ಭಾರತದವರಾಗಿ, ಒಸಿಐ ಕಾರ್ಡ್ ಇದ್ದರೆ ಸಾಕು, ಭಾರತಕ್ಕೆ ಆಡಬಹುದು. ಬೇರೆ ದೇಶಕ್ಕೆ ಒಂದು ಮ್ಯಾಚ್ ಆಡಿದ್ದರೆ ಮಾತ್ರ ಆಗಲ್ಲ.' ಎರಡೂ ತಪ್ಪು. ಒಸಿಐ ಅಂದರೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್, ಅದು ಭಾರತದ ಪೌರತ್ವ ಅಲ್ಲ.

ಭಾರತಕ್ಕೆ ಆಡಲು ಭಾರತದ ಪಾಸ್‌ಪೋರ್ಟ್ ಬೇಕೇ ಬೇಕು. ನಮ್ಮಲ್ಲಿ ಎರಡು ದೇಶದ ಪೌರತ್ವ ಇಟ್ಟುಕೊಳ್ಳುವಂತಿಲ್ಲ. ಅಂದರೆ ಹುಟ್ಟಿ ಬೆಳೆದ ದೇಶದ ಪೌರತ್ವವನ್ನೇ ಬಿಡಬೇಕು. ಸುಮ್ನೆ ಮಾತಲ್ಲ ಅದು, ಅಲ್ವಾ? ಇಜುಮಿ ಅರಾಟ ಜಪಾನ್ ಪೌರತ್ವ ಬಿಟ್ಟು 2013ರಲ್ಲಿ ಭಾರತಕ್ಕೆ ಆಡಿದರು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವ ಬಿಟ್ಟರು. 2019ರಲ್ಲಿ ಅವರು ಆಸ್ಟ್ರೇಲಿಯಾಕ್ಕೆ ಒಂದು ಸೌಹಾರ್ದ ಪಂದ್ಯ ಆಡಿದ್ದರು. ಫಿಫಾ ನಿಯಮದಲ್ಲಿ ಸೌಹಾರ್ದ ಪಂದ್ಯ ಆಟಗಾರನನ್ನು ಆ ದೇಶಕ್ಕೇ ಕಟ್ಟಿಹಾಕುವುದಿಲ್ಲ.

ಆ ಮೆಸೇಜ್ ಕಳಿಸಿದವರು ದಯವಿಟ್ಟು ಇದನ್ನೂ ಅಲ್ಲೇ ಹಾಕಿ.