ಹಾಲಿಯವರಿಗೇ ಮತ್ತೆ ಟಿಕೆಟ್ಟಾ?

ಚುನಾವಣೆ ಹತ್ತಿರ ಬಂತೆಂದರೆ ನಮ್ಮೂರ ಹೋಟೆಲಲ್ಲಿ ಒಂದೇ ಜಗಳ. ಹಾಲಿ ಶಾಸಕರನ್ನೇ ನಿಲ್ಲಿಸಬೇಕಾ, ಬದಲಾಯಿಸಬೇಕಾ?

ಬದಲಾಯಿಸಿ ಅನ್ನುವವರು ಉಡುಪಿ ಜಿಲ್ಲೆ ತೋರಿಸುತ್ತಾರೆ. ಸುಳ್ಳೇನಲ್ಲ. 2023ರಲ್ಲಿ ಬಿಜೆಪಿ ಅಲ್ಲಿ ಐದರಲ್ಲಿ ನಾಲ್ಕು ಕಡೆ ಹೊಸಬರನ್ನು ಇಳಿಸಿತು, ನಾಲ್ವರೂ ಗೆದ್ದರು. ಹಳಬರು ಅಂತ ಉಳಿದದ್ದು ಕಾರ್ಕಳದ ಸುನಿಲ್ ಕುಮಾರ್ ಒಬ್ಬರೇ, ಮಂತ್ರಿ ಬೇರೆ. 2018ರಲ್ಲಿ 42 ಸಾವಿರ ದಾಟಿದ್ದ ಅವರ ಗೆಲುವಿನ ಅಂತರ 2023ರಲ್ಲಿ 5 ಸಾವಿರವೂ ಇರಲಿಲ್ಲ.

ಹಾಗಂತ ಸುಮ್ನೆ ಮುಖ ಬದಲಾಯಿಸಿದರೆ ಆಯ್ತಾ? ಅದೇ ಚುನಾವಣೆಯ ಪುತ್ತೂರು ನೋಡಿ. ಹಾಲಿ ಶಾಸಕ ಸಂಜೀವ ಮಠಂದೂರರನ್ನು ಬಿಟ್ಟು ಆಶಾ ತಿಮ್ಮಪ್ಪರಿಗೆ ಟಿಕೆಟ್ ಕೊಟ್ಟರು. ಕಾರ್ಯಕರ್ತರ ದೊಡ್ಡ ಗುಂಪೊಂದು ಕೇಳಿದ್ದು ಅರುಣ್ ಕುಮಾರ್ ಪುತ್ತಿಲರನ್ನು. ಪುತ್ತಿಲ ಪಕ್ಷೇತರರಾಗಿ ನಿಂತು ಎರಡನೇ ಸ್ಥಾನಕ್ಕೆ ಬಂದರು, ಬಿಜೆಪಿ ಮೂರಕ್ಕೆ ಇಳಿಯಿತು, ನಾಲ್ಕು ಸಾವಿರ ಚಿಲ್ಲರೆ ಮತದಲ್ಲಿ ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ ಗೆದ್ದರು.

ಬೀದರ್‌ನಲ್ಲಿ ಉಲ್ಟಾ. 2024ರ ಲೋಕಸಭೆಗೆ ಬಿಜೆಪಿಯ ಹಾಲಿ ಸಂಸದ ಭಗವಂತ ಖೂಬಾ ಬೇಡ ಅಂತ ಅವರದೇ ಪಕ್ಷದ ಶಾಸಕ ಪ್ರಭು ಚವ್ಹಾಣ್ ತುಂಬಿದ ಸಭೆಯಲ್ಲಿ ರಾಜ್ಯಾಧ್ಯಕ್ಷರಾಗಿದ್ದ ವಿಜಯೇಂದ್ರರ ಕಾಲಿಗೇ ಬಿದ್ದರು. ಆದರೂ ಕೊಟ್ಟರು. ಕೇಂದ್ರ ಮಂತ್ರಿಯಾಗಿದ್ದ ಖೂಬಾ, ಕಾಂಗ್ರೆಸ್ಸಿನ 26 ವರ್ಷದ ಸಾಗರ್ ಖಂಡ್ರೆ ಎದುರು ಲಕ್ಷಕ್ಕೂ ಜಾಸ್ತಿ ಮತದಲ್ಲಿ ಸೋತರು.

ನನ್ನ ಪ್ರಕಾರ ಹಳಬರಾ ಹೊಸಬರಾ ಅನ್ನುವುದು ಆಮೇಲಿನ ಮಾತು. ಯಾರನ್ನು ಕೇಳಿ ನಿರ್ಧಾರ ಮಾಡಿದಿರಿ, ಅದು ಮೊದಲು.

ನಮ್ಮ ಮಾವ ಬೂತ್ ಕೆಲಸ ಮಾಡುವವರು (ಯಾವ ಪಕ್ಷ, ಯಾವ ಕ್ಷೇತ್ರ ಅಂತ ಕೇಳಬೇಡಿ, ಮನೆಯಲ್ಲಿ ನೆಮ್ಮದಿ ಬೇಕು). ಅವರ ಹತ್ತಿರ ಮತದಾರರ ಪಟ್ಟಿಯ ಜೆರಾಕ್ಸ್ ಒಂದಿದೆ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿರುತ್ತಾರೆ. ಟಿಕ್ ಅಂದರೆ ನಮ್ಮ ಮನೆ, ಇಂಟು ಅಂದರೆ ಅವರದು, ಗ್ಯಾರಂಟಿ ಇಲ್ಲದ್ದಕ್ಕೆ ಪ್ರಶ್ನೆ ಚಿಹ್ನೆ. ಕಳೆದ ಸಲ ಟಿಕ್ ಇದ್ದ ಮನೆಗಳಲ್ಲೇ ರಬ್ಬರ್ ಆಡಿಸಿ ಪ್ರಶ್ನೆ ಚಿಹ್ನೆ ಹಾಕುತ್ತಾ ಬಂದರು. ಕಾರಣ ಜಾತಿಯೂ ಅಲ್ಲ, ಪಕ್ಷವೂ ಅಲ್ಲ. ಆ ಮನೆಯವರ ಮಾತು ಇಷ್ಟೇ: "ರಸ್ತೆ ಅರ್ಜಿ ಹಿಡ್ಕೊಂಡು ಮೂರು ಸಲ ಹೋದೆ ಮಾರಾಯ್ರೆ, ಶಾಸಕರ ಪಿಎ ಒಳಗೇ ಬಿಡ್ಲಿಲ್ಲ. ಓಟು ಹಾಕುವ, ಆದ್ರೆ ಅವ್ರನ್ನೇ ಮತ್ತೆ ತರ್ಬೇಡಿ." ಸರ್ವೆ ಮಾಡಲು ಎಷ್ಟೋ ಟೀಮ್ ಬಂದು ಹೋದವು. ಆ ಜೆರಾಕ್ಸ್ ಪುಟ ತೋರಿಸಿ ಅಂತ ಒಬ್ಬರೂ ಕೇಳಲಿಲ್ಲ.

ಕೇಳಬೇಕಾದದ್ದು ಮಾವನಂಥ ಬೂತ್ ಕೆಲಸದವರನ್ನೇ ಅಲ್ವಾ? ಅದೂ ಆರು ತಿಂಗಳು ಮುಂಚೆ. 2023ರಲ್ಲಿ ಮೇ 10ಕ್ಕೆ ಮತದಾನ ಇದ್ದರೆ ಬಿಜೆಪಿಯವರು ಏಪ್ರಿಲ್ 11ರ ರಾತ್ರಿ ಅಭ್ಯರ್ಥಿಗಳ ಮೊದಲ ಪಟ್ಟಿ ಬಿಟ್ಟರು, ಇನ್ನು ಹೊಸಬರು ಮನೆ ಮನೆ ಸುತ್ತುವುದು ಯಾವಾಗ, ಮುನಿಸಿಕೊಂಡವರನ್ನು ಸಮಾಧಾನ ಮಾಡುವುದು ಯಾವಾಗ? ಬೇಡ ಅಂತಾದರೆ ಹಾಲಿಯವರನ್ನು ಕೂರಿಸಿ ಮುಖಕ್ಕೆ ಹೇಳಿ. ಮೂರು ಸಲ ಗೆದ್ದಿದ್ದ ಉಡುಪಿಯ ರಘುಪತಿ ಭಟ್ಟರು, ಟಿಕೆಟ್ ಇಲ್ಲ ಅಂತ ಗೊತ್ತಾಗಿದ್ದು ಟಿವಿ ನೋಡಿ ಅಂತ ಕಣ್ಣೀರು ಹಾಕಿದ್ದರು.